ರಾತ್ರಿ ಸೈಕಲ್ಲಲ್ಲಿ ಬಲಕ್ಕೆ ತಿರುಗುವಾಗ ಚಾಚಿದ ಕೈ ಹಿಂದಿನವರಿಗೆ ಕಾಣೋ ಹಾಗೆ ಮಾಡೋದು ಹೇಗೆ?

ಎರಡನೇ_ಪಾಳಿ (ಮೈಸೂರು), ಮಂಗಳವಾರ ರಾತ್ರಿ 12:10

ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ. ಎರಡನೇ ಪಾಳಿ ಬಿದ್ದ ವಾರ ಗೇಟಿಂದ ಹೊರಗೆ ಬರೋದು ರಾತ್ರಿ ಹನ್ನೊಂದರ ಮೇಲೆ. ರಿಂಗ್ ರಸ್ತೆ ಹಿಡಿದು, ಹಿನಕಲ್ ದಾಟಿ, ವಿಜಯನಗರ ನಾಲ್ಕನೇ ಹಂತದ ಕಡೆ ಬಲಕ್ಕೆ ತಿರುಗಬೇಕು. ಆರು ವರ್ಷದಿಂದ ಇದೇ ದಾರಿ, ಇದೇ ಸೈಕಲ್.

ಹೋದ ಗುರುವಾರ ಡಿವೈಡರ್ ಬಿಟ್ಟಿರೋ ಜಾಗ ಹತ್ತಿರ ಬಂತು. ಹಿಂದೆ ತಿರುಗಿ ನೋಡಿದೆ, ದೂರದಲ್ಲಿ ಒಂದೇ ಒಂದು ಬೈಕಿನ ಲೈಟು. ಬಲಗೈ ಪೂರ್ತಿ ಚಾಚಿ ಬಲಕ್ಕೆ ಸರಿದೆ. ಬೈಕು ನನ್ನ ಬಲಗಡೆಯಿಂದಲೇ ನುಗ್ಗಿತು, ಅದರ ಕನ್ನಡಿ ನನ್ನ ಮೊಣಕೈಗೆ ಬಡಿಯಿತು. ಇಬ್ಬರೂ ಬೀಳಲಿಲ್ಲ. ಹುಡುಗ ಮುಂದೆ ನಿಲ್ಲಿಸಿ ನಡೆದುಕೊಂಡು ವಾಪಸ್ ಬಂದ. ಜಗಳಕ್ಕೆ ಬಂದ ಅಂದುಕೊಂಡೆ, ಆದರೆ ಅವನ ಕೈಯೂ ನನ್ನ ಕೈ ಥರಾನೇ ನಡುಗ್ತಿತ್ತು. "ಅಣ್ಣ, ಹಿಂದಿನ ಕೆಂಪು ಲೈಟು ಕಾಣ್ತಿತ್ತು, ಪಕ್ಕದಲ್ಲಿ ಹೋಗಿಬಿಡೋಣ ಅಂದ್ಕೊಂಡೆ. ಕೈ ಚಾಚಿದ್ದು ಕಾಣಲೇ ಇಲ್ಲ" ಅಂದ.

ಅವನು ಸುಳ್ಳು ಹೇಳಲಿಲ್ಲ ಅಂತ ನನಗೆ ಗೊತ್ತು. ಕಂಪನಿಯ ಕಡುನೀಲಿ ಯೂನಿಫಾರಂ, ತುಂಬುತೋಳು. ಆರು ವರ್ಷದಿಂದ ಕತ್ತಲಿಗೆ ಕೈ ತೋರಿಸ್ತಾ ಬಂದಿದ್ದೀನಿ ಅನ್ನೋದು ಆವತ್ತು ಅರ್ಥ ಆಯ್ತು. ಹಿಂದಿನ ಲೈಟು "ಇಲ್ಲೊಂದು ಸೈಕಲ್ ಇದೆ" ಅನ್ನುತ್ತೆ ಅಷ್ಟೆ. ಯಾವ ಕಡೆ ಹೋಗ್ತೀನಿ ಅಂತ ಹೇಳಲ್ಲ. ನೀವೆಲ್ಲ ಏನು ಮಾಡ್ತೀರಿ?

ನಿಯಮ_ಪುಸ್ತಕ (ಮೈಸೂರು), ಬುಧವಾರ ಬೆಳಿಗ್ಗೆ 7:25

ಪೆಟ್ಟಾಗಲಿಲ್ಲವಲ್ಲ, ಅದೇ ದೊಡ್ಡದು.

ಕೈಸನ್ನೆ ಬಗ್ಗೆ ಒಂದು ವಿಷಯ. 1989ರ ರಸ್ತೆ ನಿಯಮಗಳಲ್ಲಿ ಬಲಕ್ಕೆ ತಿರುಗೋದಕ್ಕೆ ಬಲಗೈಯನ್ನು ಅಡ್ಡಲಾಗಿ ಚಾಚಿ ಅಂಗೈ ಮುಂದಕ್ಕೆ ಮಾಡಬೇಕು ಅಂತಿತ್ತು. ಎಡಕ್ಕಾದರೆ ಅದೇ ಬಲಗೈಯನ್ನು ಚಾಚಿ ಅಪ್ರದಕ್ಷಿಣವಾಗಿ ಸುತ್ತಿಸಬೇಕು. 2017ರಲ್ಲಿ ಇದರ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು, ಆದರೂ ಡ್ರೈವಿಂಗ್ ಕಲಿತವರ ತಲೆಯಲ್ಲಿ ಕೂತಿರೋದು ಈ ಹಳೇ ಸನ್ನೆಗಳೇ. ಎಡಕ್ಕೂ ಬಲಗೈ ಯಾಕೆ ಅಂದರೆ, ಅದು ಕಾರು ಲಾರಿ ಓಡಿಸೋರಿಗೆ ಮಾಡಿದ್ದು. ಅವರಿಗೆ ಕಿಟಕಿ ಇರೋದು ಬಲಕ್ಕೆ. ಸೈಕಲ್ ಮೇಲೆ ಕೂತವರಿಗೆ ಎಡಗೈ ಖಾಲಿ ಇದೆ, ಎಡಕ್ಕೆ ಎಡಗೈಯನ್ನೇ ಚಾಚಿ. ರಾತ್ರಿ ಕೈ ಸುತ್ತಿಸಿದರೆ ಕರೆದ ಹಾಗೋ, ಮುಂದೆ ಹೋಗು ಅಂದ ಹಾಗೋ ಕಾಣುತ್ತೆ.

"ಅಂಗೈ ಮುಂದಕ್ಕೆ" ಅನ್ನೋ ಮಾತನ್ನ ಗಮನಿಸಿ. ಹಾಗೆ ಚಾಚಿದರೆ ಹಿಂದಿನವರಿಗೆ ಕಾಣೋದು ನಿಮ್ಮ ಮುಂಗೈ, ಅಂದರೆ ಕೈಯ ಹೊರಮೈ. ಹೊಳೆಯೋ ಪಟ್ಟಿ ಏನೇ ಅಂಟಿಸಿದರೂ ಅಲ್ಲಿ ಅಂಟಿಸಬೇಕು. ಅಂಗೈ ಕಡೆ ಹಾಕಿಕೊಂಡವರನ್ನ ನೋಡಿದ್ದೀನಿ. ಅದು ಎದುರಿಂದ ಬರೋರಿಗೆ ಮಾತ್ರ ಹೊಳೆಯುತ್ತೆ.

ಕಬ್ಬಿನ_ಗದ್ದೆ (ಮಂಡ್ಯ), ಬುಧವಾರ ಬೆಳಿಗ್ಗೆ 9:02

ಅಣ್ಣ, ನಮ್ ಕಡೆ ಕತೆ ಬೇರೆ ಕಣಣ್ಣ. 2023ರ ಆಗಸ್ಟ್ ಒಂದರಿಂದ ಬೆಂಗ್ಳೂರು ಮೈಸೂರು ಹೆದ್ದಾರಿ ಮೇನ್ ರೋಡಲ್ಲಿ ಬೈಕು, ಆಟೋ, ಟ್ರ್ಯಾಕ್ಟರು ಯಾವುದೂ ಹೋಗಂಗಿಲ್ಲ, ಸೈಕಲ್ಲೂ ಇಲ್ಲ. ಎಲ್ಲಾ ಸರ್ವೀಸ್ ರೋಡಿಗೇ ಬಂದು ಬಿದ್ದವೆ. ಅಲ್ಲಿ ಎದುರುಗಡೆಯಿಂದಲೂ ಗಾಡಿ ಬತ್ತವೆ. ಕಬ್ಬು ಕಡಿಯೋ ಕಾಲದಲ್ಲಿ ಟ್ರೈಲರ್ ತುಂಬಾ ಕಬ್ಬು, ಹಿಂದೆ ಒಂದು ಲೈಟೂ ಇರಕ್ಕಿಲ್ಲ. ಧನುರ್ಮಾಸದಾಗೆ ನಾಲೆ ಪಕ್ಕ ಮಂಜು ಬಿದ್ರೆ ಹತ್ತು ಮಾರು ಮುಂದಕ್ಕೆ ಏನೂ ಕಾಣಕ್ಕಿಲ್ಲ.

ನಾನು ಬೆಳಗಿನ ಜಾವ ಡೇರಿಗೆ ಹಾಲು ಹಾಕಕ್ಕೆ ಹೋಯ್ತೀನಿ, ಕ್ಯಾನ್ ಕ್ಯಾರಿಯರ್‌ಗೆ ಕಟ್ಕಂಡು. ಒಂದು ಕೈ ಬುಟ್ರೆ ಹ್ಯಾಂಡ್ಲು ಎಳೆಯುತ್ತೆ. ಅದಕ್ಕೇ ಬಲಕ್ಕೆ ತಿರುಗೋ ಕಡೆ ನಾನು ತಿರುಗೋದೇ ಇಲ್ಲ. ಎಡಕ್ಕೆ ನಿಂತು ಇಳ್ದು, ಎರಡೂ ಕಡೆ ನೋಡಿ, ತಳ್ಕಂಡು ದಾಟ್ತೀನಿ. ನಮ್ಮಪ್ಪ ಹೇಳ್ಕೊಟ್ಟಿದ್ದು.

ಸ್ಟೇರಿಂಗ್_ಹಿಂದೆ, ಬುಧವಾರ ಮಧ್ಯಾಹ್ನ 2:40

ನಾನು ಲಾರಿ ಓಡಿಸೋನು. ಹನ್ನೆರಡು ವರ್ಷ ಆಯ್ತು, ಹೆಚ್ಚಾಗಿ ರಾತ್ರಿ. ನಮ್ಮ ಕಡೆಯಿಂದ ಏನು ಕಾಣುತ್ತೆ ಹೇಳ್ತೀನಿ, ಉಪಯೋಗ ಆಗಬಹುದು.

ಲೈಟ್ ಡಿಪ್ ಮಾಡಿಕೊಂಡು ಹೋಗ್ತಿರುವಾಗ ಬೆಳಕು ಬೀಳೋದು ರಸ್ತೆ ಮೇಲೆ. ಮೊದಲು ಕಾಣೋದು ಸೈಕಲ್ಲಿನವರ ಕಾಲು. ಪೆಡಲ್ ಮೇಲಿನ ಹಳದಿ ರಿಫ್ಲೆಕ್ಟರ್ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಲ್ಲ, ಅದನ್ನ ನೋಡಿದ ತಕ್ಷಣ ಸೈಕಲ್ ಅಂತ ಗೊತ್ತಾಗಿಬಿಡುತ್ತೆ, ಯೋಚನೆ ಮಾಡಬೇಕಿಲ್ಲ. ಆಮೇಲೆ ಹಿಂದಿನ ಲೈಟು. ಸೊಂಟದಿಂದ ಮೇಲೆ ಕತ್ತಲೆ. ನೀವು ಚಾಚಿದ ಕೈ ಆ ಕತ್ತಲೆ ಒಳಗಿದೆ. ಎದುರಿಂದ ಹೈಬೀಮ್ ಹಾಕಿಕೊಂಡು ಒಬ್ಬ ಬಂದರಂತೂ ಎರಡು ಮೂರು ಸೆಕೆಂಡು ನಮಗೆ ಏನೂ ಕಾಣಲ್ಲ, ಅಂದಾಜಿನ ಮೇಲೆ ಹೋಗ್ತಿರ್ತೀವಿ. ಹಾಗಾಗಿ ಎದುರು ಗಾಡಿ ಹತ್ತಿರ ಬರ್ತಿರುವಾಗ ದಯವಿಟ್ಟು ತಿರುಗಬೇಡಿ. ಅದು ದಾಟಿ ಹೋಗಲಿ.

ಇನ್ನೊಂದು. ಕೈ ಚಾಚಿದ ಕ್ಷಣದಲ್ಲೇ ಸೈಕಲನ್ನೂ ತಿರುಗಿಸಿಬಿಡ್ತಾರೆ. ಮೊದಲು ಕೈ ತೋರಿಸಿ, ನಾವು ವೇಗ ಇಳಿಸಿದ್ದು ನಿಮಗೆ ಗೊತ್ತಾಗಲಿ, ಆಮೇಲೆ ಬನ್ನಿ.

ನಿವೃತ್ತ_ಮೇಷ್ಟ್ರು (ಮೈಸೂರು), ಬುಧವಾರ ಸಂಜೆ 6:15

ಮೇಲೆ ಲಾರಿ ಚಾಲಕರು ಬರೆದದ್ದನ್ನು ಎರಡು ಸಲ ಓದಿದೆ. ಭೌತಶಾಸ್ತ್ರ ಪಾಠ ಮಾಡಿದವನು ನಾನು. ಅವರು ಕಣ್ಣಿಂದ ಕಂಡದ್ದಕ್ಕೆ ಕಾರಣ ಇಷ್ಟೆ: ಡಿಪ್ ಬೆಳಕಿಗೆ ಮೇಲುಗಡೆ ಒಂದು ಗಡಿ ಇರುತ್ತದೆ. ದೀಪ ಇರುವ ಎತ್ತರದಿಂದ ಬೆಳಕು ತುಸು ಕೆಳಮುಖವಾಗಿ ಹೋಗುತ್ತದೆ, ಎದುರಿನವರ ಕಣ್ಣಿಗೆ ಹೊಡೆಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ಕಾರಿನ ದೀಪ ನೆಲದಿಂದ ಮುಕ್ಕಾಲು ಮೀಟರ್ ಎತ್ತರದಲ್ಲಿದ್ದರೆ ಸೈಕಲ್ ಸವಾರನ ಭುಜ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿದೆ. ಕೈ ಬೆಳಕಿನ ಗಡಿಯಿಂದ ಆಚೆಗೆ ಉಳಿಯುತ್ತದೆ. ಕಣಕಾಲು ಮಾತ್ರ ಪೂರ್ತಿ ಬೆಳಕಿನಲ್ಲಿರುತ್ತದೆ.

ಹೊಳೆಯುವ ಪಟ್ಟಿಯ ಕೆಲಸವೂ ತಿಳಿದಿರಲಿ. ಅದರೊಳಗಿನ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ಬೈಕ್, ಕಾರಿನವರ ಕಣ್ಣು ದೀಪಕ್ಕೆ ಹತ್ತಿರ, ಆದ್ದರಿಂದ ಚೆನ್ನಾಗಿ ಕಾಣುತ್ತದೆ. ಲಾರಿ ಚಾಲಕರು ದೀಪಕ್ಕಿಂತ ತುಂಬಾ ಮೇಲೆ ಕೂತಿರುತ್ತಾರೆ, ಅವರಿಗೆ ಹೊಳಪು ಕಡಿಮೆ. ಅಡ್ಡರಸ್ತೆಯಿಂದ ಬರುವವರ ದೀಪ ನಿಮ್ಮ ಮೇಲೆ ಬಿದ್ದೇ ಇರುವುದಿಲ್ಲ, ಅವರಿಗೆ ಪಟ್ಟಿ ಇದ್ದೂ ಇಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದವರು ರಾತ್ರಿ ಹೊತ್ತು ಚಾಲಕರನ್ನು ಕೂರಿಸಿ ಪರೀಕ್ಷೆ ಮಾಡಿದ್ದಾರೆ, 2012ರಲ್ಲಿ ಪ್ರಕಟವಾಯಿತು. ಕಪ್ಪು ಬಟ್ಟೆ ತೊಟ್ಟ ಸೈಕಲ್ ಸವಾರರನ್ನು ಗುರುತಿಸಿದ್ದು ನೂರಕ್ಕೆ 2 ಸಲ. ಹಗಲಲ್ಲಿ ಕಣ್ಣು ಕುಕ್ಕುವ ಫ್ಲೋರೊಸೆಂಟ್ ಜಾಕೆಟ್ಟಿಗೆ 15. ಹೊಳೆಯುವ ಪಟ್ಟಿಯ ಜಾಕೆಟ್ಟಿಗೆ 50. ಅದೇ ಜಾಕೆಟ್ಟಿನ ಜೊತೆ ಮೊಣಕಾಲು, ಕಣಕಾಲಿಗೂ ಪಟ್ಟಿ ಕಟ್ಟಿದಾಗ 90. ಕಾಲು ತುಳಿಯುವ ಚಲನೆಯನ್ನು ನಮ್ಮ ಮೆದುಳು ಕ್ಷಣಾರ್ಧದಲ್ಲಿ "ಮನುಷ್ಯ" ಎಂದು ಓದುತ್ತದೆ. ಫ್ಲೋರೊಸೆಂಟ್ ಬಣ್ಣ ಹೊಳೆಯುವುದಕ್ಕೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬೇಕು, ರಾತ್ರಿ ಅದು ಬರೀ ಬಟ್ಟೆ.

ದೂರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ನೋಡಿ, ಅರ್ಥ ಮಾಡಿಕೊಂಡು, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ 25 ಮೀಟರ್. ನಿಲ್ಲುವುದಕ್ಕೆ ಒಣ ರಸ್ತೆಯಲ್ಲಿ ಇನ್ನೊಂದು 25. ಅಂದರೆ ಚಾಚಿದ ಕೈ ಕಡೇ ಪಕ್ಷ 50 ಮೀಟರ್ ದೂರಕ್ಕೆ ಕಾಣಬೇಕು. ಮಳೆಯಲ್ಲಿ ಇನ್ನೂ ಹೆಚ್ಚು.

ಬೆಸುಗೆ_ಕಡ್ಡಿ (ಮೈಸೂರು), ಬುಧವಾರ ರಾತ್ರಿ 9:48

ಎಲ್ಲರೂ ಕೈ ಬಗ್ಗೆಯೇ ಹೇಳ್ತಿದ್ದೀರಿ. ಇಂಡಿಕೇಟರ್ ಹಾಕಿಬಿಟ್ಟರೆ? ನಾನು ಎರಡು ವರ್ಷದ ಹಿಂದೆ ಒಂದು ಮಾಡಿದ್ದೆ, ಅದರಲ್ಲಿ ಕಲಿತದ್ದನ್ನ ಬರೀತೀನಿ.

ಆನ್‌ಲೈನ್‌ನಲ್ಲಿ ಸಿಗೋ ಸೀಟಿನ ಕೆಳಗಿನ ಇಂಡಿಕೇಟರ್‌ನಲ್ಲಿ ಎಡ ಬಲ ಬಾಣ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತೆ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಬಾಣ. ರಸ್ತೆಯ ಆ ತುದಿಯಿಂದ ನೋಡಿದರೆ ಬರೀ ಮಿನುಗೋ ಚುಕ್ಕಿ, ಎಡವೋ ಬಲವೋ ದೇವರಿಗೇ ಗೊತ್ತು. ಬೈಕಿನ ಹಿಂದಿನ ಇಂಡಿಕೇಟರ್‌ಗಳ ಮಧ್ಯೆ ಕನಿಷ್ಠ 180 ಮಿಲಿಮೀಟರ್ ಅಂತರ ಇರಬೇಕು ಅಂತ ವಿಶ್ವಸಂಸ್ಥೆಯ ವಾಹನ ನಿಯಮ ಹೇಳೋದು ಇದೇ ಕಾರಣಕ್ಕೆ. ಮಿನುಗೋದು ನಿಮಿಷಕ್ಕೆ 60ರಿಂದ 120 ಸಲ, ಬಣ್ಣ ಕಿತ್ತಳೆ ಹಳದಿ.

ನಾನು ಕ್ಯಾರಿಯರ್‌ಗೆ ಅಡ್ಡಲಾಗಿ ಅಲ್ಯುಮಿನಿಯಂ ಪಟ್ಟಿ ಬಿಗಿದು ಎರಡು ತುದಿಗೆ ಎಲ್ಇಡಿ ಕೂರಿಸಿದೆ. ಚೆನ್ನಾಗೇ ಕಾಣ್ತಿತ್ತು. ತೊಂದರೆ ಬಂದಿದ್ದು ಬೇರೆ ಕಡೆ: ತಿರುಗಿದ ಮೇಲೆ ಸ್ವಿಚ್ ಆಫ್ ಮಾಡೋದು ಮರೆತೆ. ಬಲ ಇಂಡಿಕೇಟರ್ ಮಿನುಗಿಸಿಕೊಂಡು ಬೋಗಾದಿ ರಸ್ತೆಯಲ್ಲಿ ಒಂದು ಕಿಲೋಮೀಟರ್ ನೇರವಾಗಿ ಹೋಗಿದ್ದೀನಿ. ಸುಳ್ಳು ಸಿಗ್ನಲ್ ಕೊಡೋದು ಸಿಗ್ನಲ್ ಇಲ್ಲದ್ದಕ್ಕಿಂತ ಅಪಾಯ. ಆಮೇಲೆ ಪೀಂ ಪೀಂ ಅನ್ನೋ ಬಜರ್ ಸೇರಿಸಿದೆ. ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆ ಕಡೆ ಇದು ಯಾವುದೂ ನಡೆಯಲ್ಲ. ತಲೆ ಮೇಲೆಲ್ಲ ದೀಪಾಲಂಕಾರ ಮಿನುಗ್ತಿರುವಾಗ ನನ್ನ ಎರಡು ಎಲ್ಇಡಿ ಯಾರ ಕಣ್ಣಿಗೆ ಬೀಳುತ್ತೆ?

ತೊಣಚಿಕೊಪ್ಪಲ್_ಅಮ್ಮ (ಮೈಸೂರು), ಗುರುವಾರ ಬೆಳಿಗ್ಗೆ 10:30

ನನ್ನ ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್ ಮುಗಿಸಿ ಎಂಟು ಗಂಟೆಗೆ ಕುವೆಂಪುನಗರದಿಂದ ಸೈಕಲ್ಲಲ್ಲಿ ಬರ್ತಾಳೆ. ಇದನ್ನೆಲ್ಲ ಓದಿ ನಿನ್ನೆ ಸಂಜೆ ಅವಳನ್ನ ಮನೆ ಮುಂದೆ ಓಡಿಸಿ ನೋಡಿದೆ. ಒಂದು ಕೈ ಬಿಟ್ಟರೆ ಸೈಕಲ್ ಹಾವಿನ ಥರ ಆಡುತ್ತೆ! ಹಿಂದೆ ತಿರುಗಿ ನೋಡು ಅಂದರೆ ನೋಡಿದ ಕಡೆಗೇ ಹೋಗಿಬಿಡ್ತಾಳೆ. ಮೊದಲು ಇದನ್ನ ಕಲಿಸಬೇಕಲ್ಲ ಅನ್ನಿಸಿತು.

ಇನ್ನೊಂದು ನನಗೆ ಹೊಳೆದದ್ದು ಬ್ರೇಕು. ಅವಳ ಸೈಕಲ್ಲಲ್ಲಿ ಬಲಗೈಯದು ಮುಂದಿನ ಚಕ್ರಕ್ಕೆ, ಎಡಗೈಯದು ಹಿಂದಿನದಕ್ಕೆ. ಬಲಗೈ ಚಾಚಿದಾಗ ಹಿಂದಿನ ಬ್ರೇಕ್ ಕೈಯಲ್ಲಿರುತ್ತೆ, ಪರವಾಗಿಲ್ಲ. ಎಡಗೈ ಚಾಚಿದಾಗ ಉಳಿಯೋದು ಮುಂದಿನದು ಮಾತ್ರ. ಗಾಬರಿಯಲ್ಲಿ ಗಟ್ಟಿಯಾಗಿ ಹಿಡಿದರೆ ಮುಂದಕ್ಕೆ ಮಗುಚಿಕೊಳ್ತಾಳೆ. ಇದನ್ನ ಯಾರೂ ಮಕ್ಕಳಿಗೆ ಹೇಳಿಕೊಡಲ್ಲ.

ನಿಯಮ_ಪುಸ್ತಕ, ಗುರುವಾರ ಬೆಳಿಗ್ಗೆ 11:05

ಮೇಡಂ, ತುಂಬಾ ಒಳ್ಳೆಯ ಮಾತು ಹೇಳಿದ್ದೀರಿ. ಕೆಲವು ಸೈಕಲ್‌ಗಳಲ್ಲಿ ಎಡ ಬಲ ಅದಲು ಬದಲು ಇರುತ್ತೆ, ಎಲ್ಲರೂ ತಮ್ಮ ತಮ್ಮದನ್ನ ಒಮ್ಮೆ ಹಿಡಿದು ನೋಡಿಕೊಳ್ಳಿ. ಕ್ರಮ ಹೀಗಿರಲಿ: ಹಿಂದೆ ನೋಡೋದು, ಬ್ರೇಕ್ ಹಿಡಿದು ವೇಗ ಇಳಿಸೋದು, ಆಮೇಲೆ ಕೈ ಚಾಚಿ ಮನಸ್ಸಲ್ಲೇ ಮೂರು ಎಣಿಸೋದು. ಕೈ ವಾಪಸ್ ಹ್ಯಾಂಡಲ್‌ಗೆ ಬರಬೇಕು, ಇನ್ನೊಂದು ಸಲ ಹಿಂದೆ ನೋಡಬೇಕು. ತಿರುಗುವಾಗ ಎರಡೂ ಕೈ ಹ್ಯಾಂಡಲ್ ಮೇಲೇ ಇರಬೇಕು. ಹಂಪು, ಗುಂಡಿ ಇರೋ ಜಾಗದಲ್ಲಿ ಕೈ ಬಿಡೋದೇ ಬೇಡ. ಅದಕ್ಕಿಂತ ಮೊದಲೇ, ರಸ್ತೆ ಸಮ ಇರೋ ಕಡೆ ತೋರಿಸಿ ಮುಗಿಸಿಬಿಡಬೇಕು.

ದೊಡ್ಡ ವೃತ್ತಗಳಲ್ಲಿ ಮಗಳು ಬಲಕ್ಕೆ ನೇರವಾಗಿ ತಿರುಗೋದು ಬೇಡ. ಎಡಪಕ್ಕದಲ್ಲೇ ನೇರ ದಾಟಿ ಆಚೆ ಮೂಲೆಗೆ ಹೋಗಿ ನಿಂತು, ಸೈಕಲ್ಲನ್ನ ಬಲಕ್ಕೆ ತಿರುಗಿಸಿಕೊಂಡು, ಆ ಕಡೆ ಗಾಡಿಗಳು ಹೊರಟಾಗ ಅವುಗಳ ಜೊತೆ ಹೊರಡಲಿ. ಡೆನ್ಮಾರ್ಕ್‌ನಲ್ಲಿ ಸೈಕಲ್ಲಿನವರೆಲ್ಲ ಹೀಗೇ ಎರಡು ಹಂತದಲ್ಲಿ ತಿರುಗಬೇಕು, ಅಲ್ಲಿ ಅದು ಕಾನೂನು.

ಎರಡನೇ_ಪಾಳಿ, ಗುರುವಾರ ಮಧ್ಯಾಹ್ನ 12:20

ಸರ್, ಸಿಗ್ನಲ್ ಇರೋ ವೃತ್ತಕ್ಕೆ ಅದು ಸರಿ. ನನ್ನದು ರಿಂಗ್ ರಸ್ತೆ. ಡಿವೈಡರ್‌ನಲ್ಲಿ ಒಂದು ಸಂದಿ, ಅಷ್ಟೆ. ಆಚೆ ಮೂಲೆ ಅಂತ ಇಲ್ಲ. ಮಂಡ್ಯದ ಅಣ್ಣ ಹೇಳಿದ ಹಾಗೆ ಎಡಕ್ಕೆ ನಿಂತು ತಳ್ಳಿಕೊಂಡು ದಾಟಬಹುದು, ಆದರೆ ಆ ಸಂದಿ ಎದುರು ಬೀದಿದೀಪ ಇಲ್ಲ. ಕತ್ತಲಲ್ಲಿ ನಿಂತ ಸೈಕಲ್ಲು ಓಡೋ ಸೈಕಲ್ಲಿಗಿಂತ ಹೆಚ್ಚು ಅಪಾಯ ಅಲ್ಲವಾ? ನನ್ನದು ಡೈನಮೊ. ಚಕ್ರ ನಿಂತರೆ ಮುಂದಿನ ಲೈಟೂ ನಿಲ್ಲುತ್ತೆ. ಹಿಂದಿನದು ಮಾತ್ರ ಬ್ಯಾಟರಿ.

ಕಬ್ಬಿನ_ಗದ್ದೆ, ಗುರುವಾರ ಮಧ್ಯಾಹ್ನ 1:10

ಸಂದಿ ಎದುರೇ ಯಾಕ್ ನಿಲ್ತೀಯಣ್ಣ? ಹಿಂದಿನ ದೀಪದ ಕಂಬದ ಕೆಳಗೆ ನಿಂತ್ಕೊ. ಬೆಳಕಲ್ಲಿ ನಿಂತು, ಹಿಂದೆ ಗಾಡಿ ಖಾಲಿ ಆದಾಗ ಹೊರಡು. ರೋಡಿಂದ ಪೂರಾ ಕೆಳಗಿಳಿದು ನಿಲ್ಲು, ಡಾಂಬರ್ ಅಂಚಲ್ಲಿ ಅಲ್ಲ. ಮನೆಗೆ ಎರಡು ನಿಮಿಷ ತಡವಾಗಿ ಹೋದ್ರೆ ಏನೂ ಆಗಕ್ಕಿಲ್ಲ. ಡೈನಮೊ ನಂಬ್ಕಬೇಡ, ಒಂದು ಬ್ಯಾಟರಿ ಲೈಟನ್ನ ಹ್ಯಾಂಡ್ಲಿಗೆ ಹಾಕ್ಕೊ.

ಎರಡನೇ_ಪಾಳಿ, ಹನ್ನೊಂದು ದಿನಗಳ ನಂತರ, ಸೋಮವಾರ ರಾತ್ರಿ 9:30

ಪರೀಕ್ಷೆ ಮಾಡಿ ನೋಡಿದೆವು. ಜೊತೆಗೆ ಬಂದವನು ಆವತ್ತಿನ ಆ ಬೈಕಿನ ಹುಡುಗನೇ. ಅವತ್ತೇ ನಂಬರ್ ಕೊಟ್ಟು ಹೋಗಿದ್ದ, ಫೋನ್ ಮಾಡಿದ ತಕ್ಷಣ ಬಂದ. ಮನೆ ಹತ್ತಿರ ಇನ್ನೂ ಮನೆ ಕಟ್ಟದ ಬಡಾವಣೆ ಇದೆ, ನೇರ ರಸ್ತೆ, ಕಂಬ ಇದೆ ದೀಪ ಇಲ್ಲ. ಕಂಬದಿಂದ ಕಂಬಕ್ಕೆ ಹೆಜ್ಜೆ ಹಾಕಿ ಅಳೆದೆವು, ಹತ್ತಿರ ಹತ್ತಿರ 30 ಮೀಟರ್. ನಾನು ಸೈಕಲ್ ತುಳೀತಾ ಎಡಗೈ, ಬಲಗೈ, ಏನೂ ಇಲ್ಲ ಹೀಗೆ ಮನಸ್ಸಿಗೆ ಬಂದ ಹಾಗೆ ತೋರಿಸೋದು. ಅವನು ಹಿಂದಿನಿಂದ ನಿಧಾನವಾಗಿ ಬರ್ತಾ, ಲೈಟು ಡಿಪ್ ಮಾಡಿಕೊಂಡು, ಗೊತ್ತಾದ ಕೂಡಲೇ ಕೂಗೋದು.

ಯೂನಿಫಾರಂ ತೋಳು, ಬರಿಗೈ: ಒಂದು ಕಂಬ ದೂರಕ್ಕೂ ಸರಿಯಾಗಿ ಕಾಣಲಿಲ್ಲ. ತುಂಬಾ ಹತ್ತಿರ ಬಂದ ಮೇಲೆ ಕೂಗಿದ, ಎರಡು ಸಲ ತಪ್ಪೂ ಹೇಳಿದ.

ಗ್ಲೌಸಿನ ಹೊರಮೈಗೆ ಬಿಳಿ ಹೊಳೆಯೋ ಪಟ್ಟಿ, ಮಣಿಕಟ್ಟಿನ ಸುತ್ತ ಇನ್ನೊಂದು: ಎರಡು ಕಂಬ. ಮೇಷ್ಟ್ರು ಹೇಳಿದ 50 ಮೀಟರ್ ದಾಟಿತು. ಕೈ ಚಾಚಿ ಅಲುಗಾಡದೆ ಹಿಡಿದರೆ ಕಮ್ಮಿ, ಕೆಳಗಿಂದ ಮೇಲಕ್ಕೆ ನಿಧಾನವಾಗಿ ಎತ್ತಿದರೆ ಅವನಿಗೆ ಬೇಗ ಗೊತ್ತಾಗ್ತಿತ್ತು.

ಮಣಿಕಟ್ಟಿಗೆ ಕಟ್ಟೋ ಎಲ್ಇಡಿ ಪಟ್ಟಿ: ನಾಲ್ಕು ಕಂಬ ದೂರದಿಂದಲೇ ಕಂಡಿತು. ಆದರೆ ಇಲ್ಲೊಂದು ವಿಷಯ ಗೊತ್ತಾಯ್ತು. ನಾನು ತಂದಿದ್ದು ಕೆಂಪು. ಕೈ ಚಾಚಿದಾಗ ಹುಡುಗ ಕೂಗಲೇ ಇಲ್ಲ. ಕೇಳಿದರೆ, "ಅಣ್ಣ, ಎರಡು ಕೆಂಪು ಲೈಟು ಅಕ್ಕಪಕ್ಕ ಕಾಣ್ತು, ದೂರದಲ್ಲಿ ಯಾವುದೋ ಕಾರು ಹೋಗ್ತಿದೆ ಅಂದ್ಕೊಂಡೆ" ಅಂದ. ಬೆನ್ನಲ್ಲಿ ಚಳಿ ಹುಟ್ಟಿತು. ಕಾರು ಅಂದುಕೊಂಡು, ಇನ್ನೂ ದೂರ ಇದೆ ಅಂತ ವೇಗವಾಗಿ ಬಂದುಬಿಟ್ಟರೆ? ಮಾರನೇ ದಿನ ಹಳದಿ ತಂದು ಇನ್ನೊಮ್ಮೆ ನೋಡಿದೆವು. ಒಂದು ಸಲವೂ ತಪ್ಪಲಿಲ್ಲ.

ಈಗ ನನ್ನ ಪದ್ಧತಿ: ಕಣಕಾಲಿಗೆ ಪಟ್ಟಿ, ಬಲಗೈಗೆ ಹಳದಿ ಎಲ್ಇಡಿ, ಎರಡೂ ಗ್ಲೌಸಿಗೆ ಬಿಳಿ ಪಟ್ಟಿ, ಹ್ಯಾಂಡಲ್‌ನ ಬಲಕ್ಕೆ ಒಂದು ಕನ್ನಡಿ. ಹಿಂದಿನ ಲೈಟನ್ನ ಮಿನುಗೋದರಿಂದ ಸ್ಥಿರಕ್ಕೆ ಬದಲಾಯಿಸಿದೆ. ಮಿನುಗಿದರೆ ಎಷ್ಟು ದೂರ ಇದೆ ಅಂತ ಅಂದಾಜು ಸಿಗಲ್ಲ ಅಂತ ಹುಡುಗನೇ ಹೇಳಿದ. ಹಿಂದೆ ಗಾಡಿ ಇದ್ದರೆ ಕಂಬದ ಕೆಳಗೆ ಇಳಿದು ನಿಲ್ತೀನಿ. ಖಾಲಿ ಇದ್ದರೆ ಮಾತ್ರ ಕೈ ತೋರಿಸಿ ತಿರುಗ್ತೀನಿ.

ಸ್ಟೇರಿಂಗ್_ಹಿಂದೆ, ಸೋಮವಾರ ರಾತ್ರಿ 11:15

ಕೆಂಪು ಲೈಟಿನ ವಿಷಯ ನೂರಕ್ಕೆ ನೂರು ನಿಜ. ನನಗೂ ಒಂದು ಸಲ ಹಾಗೆ ಮೋಸ ಆಗಿದೆ, ಇಬ್ಬರು ಸೈಕಲ್ಲಿನವರು ಜೊತೆಯಾಗಿ ಹೋಗ್ತಿದ್ದಾಗ.

ಆ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಯಾರಾದರೂ ಕೇಳಿದರೆ: ಲಾರಿಗೆ ಪೇಂಟ್, ಸ್ಟಿಕ್ಕರ್ ಹಾಕೋ ಅಂಗಡಿಗೆ ಹೋಗಿ. ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ.

ಕಬ್ಬಿನ_ಗದ್ದೆ, ಮಂಗಳವಾರ ಬೆಳಿಗ್ಗೆ 6:50

ಅಣ್ಣ, ನಾನೂ ನಾಲ್ಕು ಅಡಿ ತಂದೆ. ಹಾಲಿನ ಕ್ಯಾನಿಗೆ ಸುತ್ತಿದೀನಿ, ಪೆಡಲ್ಲಿಗೂ ಹಚ್ಚಿದೀನಿ. ಉಳಿದಿದ್ದನ್ನ ಪಕ್ಕದ ಮನೆಯೋರ ಟ್ರೈಲರ್ ಹಿಂದುಗಡೆ ಅಂಟಿಸ್ದೆ. ಅವ್ರು ಮೊದಲು ಬೇಡ ಅಂದ್ರು, ಆಮೇಲೆ ಇನ್ನೊಂದು ತುಂಡು ಇದ್ರೆ ಕೊಡು ಅಂದ್ರು.

ತೊಣಚಿಕೊಪ್ಪಲ್_ಅಮ್ಮ, ಮಂಗಳವಾರ ಸಂಜೆ 4:20

ಮಗಳು ದಿನಾ ಅರ್ಧ ಗಂಟೆ ಅಭ್ಯಾಸ ಮಾಡ್ತಿದ್ದಾಳೆ. ಈಗ ಕೈ ಚಾಚಿ ಮೂರು ಎಣಿಸುವಷ್ಟು ಹೊತ್ತು ನೇರ ಹೋಗ್ತಾಳೆ. ಹಿಂದೆ ನೋಡೋದು ಇನ್ನೂ ಬರಬೇಕು, ಅಲ್ಲಿವರೆಗೆ ವೃತ್ತದಲ್ಲಿ ಇಳಿದು ತಳ್ಳಿಕೊಂಡೇ ಬಾ ಅಂದಿದ್ದೀನಿ. ಅವಳ ರೇನ್‌ಕೋಟು ಕಪ್ಪು, ಅದರ ತೋಳಿಗೆ ಸ್ಟಿಕ್ಕರ್ ಪಟ್ಟಿ ಅಂಟಿಸಿದ್ದೆ, ಒಂದೇ ಮಳೆಗೆ ಎದ್ದುಬಂತು. ಹೊಲಿಯೋ ಥರದ್ದು ಏನಾದರೂ ಇದೆಯಾ?

ಬೆಸುಗೆ_ಕಡ್ಡಿ, ಮಂಗಳವಾರ ಸಂಜೆ 5:05

ಇದೆ ಮೇಡಂ. ಬಟ್ಟೆಯದೇ ಪಟ್ಟಿ, ಸೇಫ್ಟಿ ಜಾಕೆಟ್‌ಗೆ ಹಾಕಿರ್ತಾರಲ್ಲ ಅದು. ಸೇಫ್ಟಿ ಸಾಮಾನು ಮಾರೋ ಅಂಗಡಿಯಲ್ಲಿ ಕೇಳಿ. ಯಾವ ಟೈಲರ್ ಬೇಕಾದರೂ ಹೊಲೀತಾರೆ. ರೇನ್‌ಕೋಟಿಗೆ ಹೊಲಿದರೆ ಸೂಜಿ ತೂತಿನಲ್ಲಿ ನೀರು ಇಳಿಯುತ್ತೆ. ಅದರ ಬದಲು ಪಟ್ಟಿಯನ್ನ ಒಂದು ಅಗಲದ ಇಲಾಸ್ಟಿಕ್ ಮೇಲೆ ಹೊಲಿಸಿ, ಮಳೆ ಬಂದಾಗ ರೇನ್‌ಕೋಟಿನ ತೋಳಿನ ಮೇಲೆ ಹಾಕಿಕೊಳ್ಳಲಿ. ಇಸ್ತ್ರಿ ಮಾಡಬೇಡಿ, ಬ್ಲೀಚಿಂಗ್ ಹಾಕಬೇಡಿ, ಹೊಳಪು ಹೋಗುತ್ತೆ.